ಸೆಕೆಂಡ್ ಗೇರ್ ಯಾಕೆ ನಿಲ್ಲುವುದಿಲ್ಲ?

ಹಳೆಯ ಚೇತಕ್ ಸ್ಕೂಟರ್ ಇಟ್ಟುಕೊಂಡವರು ಮೆಕ್ಯಾನಿಕ್ ಮುಂದೆ ಹೇಳುವ ದೂರುಗಳಲ್ಲಿ ಒಂದು ಇವತ್ತಿಗೂ ಬದಲಾಗಿಲ್ಲ: ‘ಸೆಕೆಂಡ್ ಗೇರ್ ನಿಲ್ತಾ ಇಲ್ಲ.’ ಸಮತಟ್ಟಾದ ರಸ್ತೆಯಲ್ಲಿ ತೆಪ್ಪಗೆ ಓಡುವ ಗಾಡಿ, ಚಾಮುಂಡಿ ಬೆಟ್ಟದಂಥ ಏರಿನಲ್ಲಿ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಎಕ್ಸಲರೇಟರ್ ತಿರುಗಿಸಿದ ಕೂಡಲೇ ಕಟಕ್ ಎಂದು ನ್ಯೂಟ್ರಲ್‌ಗೆ ಬೀಳುತ್ತದೆ. ಎಂಜಿನ್ ಅರಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಎಡಗೈಯಲ್ಲಿ ಗೇರ್ ಹಿಡಿಯನ್ನು ಬಲವಾಗಿ ಒತ್ತಿಕೊಂಡೇ ಓಡಿಸುವುದು ಎಷ್ಟೋ ಜನರಿಗೆ ರೂಢಿಯಾಗಿಬಿಟ್ಟಿರುತ್ತದೆ. ಸಣ್ಣ ಸವೆತ ದೊಡ್ಡ ಖರ್ಚಾಗಿ ಬೆಳೆಯುವುದು ಈ ರೂಢಿಯಿಂದಲೇ.

ಬಜಾಜ್ ಕಂಪನಿ 1960ರಲ್ಲಿ ಇಟಲಿಯ ಪಿಯಾಜಿಯೊದಿಂದ ಪರವಾನಗಿ ಪಡೆದು ವೆಸ್ಪಾ ತಯಾರಿಸಿತು. ಆ ಒಪ್ಪಂದ ಮುಗಿದ ಮೇಲೆ, 1972ರಲ್ಲಿ, ರಾಣಾ ಪ್ರತಾಪನ ಕುದುರೆಯ ಹೆಸರಿನಲ್ಲಿ ಚೇತಕ್ ಬಂತು. ಹೆಸರು ಬೇರೆಯಾದರೂ ಗೇರ್‌ಬಾಕ್ಸಿನ ರಚನೆ ವೆಸ್ಪಾದ್ದೇ. ಬೈಕುಗಳಲ್ಲಿ ಫೋರ್ಕ್‌ಗಳು ಗೇರ್‌ಗಳನ್ನೇ ಅತ್ತಿತ್ತ ಸರಿಸುತ್ತವೆ. ಇಲ್ಲಿ ಗೇರ್‌ಗಳು ಸರಿಯುವುದೇ ಇಲ್ಲ. ಟೊಳ್ಳಾದ ಒಂದು ಶಾಫ್ಟಿನ ಮೇಲೆ ನಾಲ್ಕು ಗೇರ್‌ಗಳು ಸಡಿಲವಾಗಿ ತಿರುಗುತ್ತಿರುತ್ತವೆ. ಶಾಫ್ಟಿನ ಒಳಗೆ ನಾಲ್ಕು ತೋಳಿನ ಒಂದು ಉಕ್ಕಿನ ತುಂಡು ಹಿಂದೆ ಮುಂದೆ ಜಾರುತ್ತದೆ. ಅದೇ ಗೇರ್ ಕ್ರಾಸ್. ಅದರ ತೋಳುಗಳು ಯಾವ ಗೇರಿನ ಒಳಗಿನ ಕಚ್ಚುಗಳಿಗೆ ಹೊಕ್ಕವೋ ಆ ಗೇರ್ ಶಾಫ್ಟಿಗೆ ಬಿಗಿಯುತ್ತದೆ. ಚೈನಿಲ್ಲ, ಹಿಂದಿನ ಚಕ್ರ ಅದೇ ಶಾಫ್ಟಿನ ತುದಿಯಲ್ಲಿ ಕೂತಿದೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಗ್ಯಾಸ್ ಸಿಲಿಂಡರ್, ಎಲ್ಲರ ಭಾರವನ್ನೂ ಎಳೆದದ್ದು ಬೆರಳ ತುದಿಯಷ್ಟು ದಪ್ಪದ ಆ ನಾಲ್ಕು ತೋಳುಗಳು.

ಸೆಕೆಂಡ್ ಗೇರಿಗೇ ಯಾಕೆ ಈ ಕಾಟ? ಹಿಡಿಯಲ್ಲಿ ಮೇಲೆ ಒಂದು, ಕೆಳಗೆ ಮೂರು, ನಡುವೆ ನ್ಯೂಟ್ರಲ್. ಫಸ್ಟ್‌ನಿಂದ ಸೆಕೆಂಡ್‌ಗೆ ಬರುವಾಗ ಮಾತ್ರ ನ್ಯೂಟ್ರಲ್ ದಾಟಿಕೊಂಡು ಬರಬೇಕು. ಅವಸರದಲ್ಲಿ, ಕ್ಲಚ್ ಪೂರ್ತಿ ಹಿಡಿಯದೆ ಹಿಡಿ ತಿರುಗಿಸಿದರೆ ಕ್ರಾಸ್ ಅರ್ಧ ಮಾತ್ರ ಕಚ್ಚುತ್ತದೆ. ಅರ್ಧ ಕಚ್ಚಿದ ತೋಳಿನ ಮೂಲೆ ದಿನದಿಂದ ದಿನಕ್ಕೆ ಉಜ್ಜಿಹೋಗುತ್ತದೆ.

ಹಾಗೆಂದು ಗೇರ್ ಬಿಟ್ಟ ತಕ್ಷಣ ಎಂಜಿನ್ ಇಳಿಸಬೇಕಿಲ್ಲ. ಮೊದಲು ಹೊರಗಿನದನ್ನು ನೋಡಿ. ಹ್ಯಾಂಡಲ್‌ನಿಂದ ಎಂಜಿನ್‌ಗೆ ಎರಡು ಗೇರ್ ಕೇಬಲ್‌ಗಳಿವೆ: ಒಂದು ಎಳೆಯುತ್ತದೆ, ಇನ್ನೊಂದು ಬಿಡುತ್ತದೆ. ಅವು ಸಡಿಲವಾಗಿದ್ದರೆ ಹಿಡಿಯ ಮೇಲೆ 2 ಕಂಡರೂ ಒಳಗೆ ಕ್ರಾಸ್ ಪೂರ್ತಿ ಹೊಕ್ಕಿರುವುದಿಲ್ಲ. ಕೇಬಲ್ ಬಿಗಿ ಮಾಡಿಸಿ, ಎಳೆ ಬಿಟ್ಟಿದ್ದರೆ ಬದಲಿಸಿ, ಅದೇ ಏರಿನಲ್ಲಿ ಮತ್ತೆ ಓಡಿಸಿ. ಕೇಬಲ್ ಸೇರುವ ಸೆಲೆಕ್ಟರ್ ಬಾಕ್ಸಿನ ಸ್ಪ್ರಿಂಗ್ ಸೋತಿದೆಯೇ ಎಂದೂ ನೋಡಿಸಿ. ಇಷ್ಟಾದ ಮೇಲೂ ಗೇರ್ ಬಿಡುತ್ತಾ, ಬಿಡುವಾಗ ಹಿಡಿಯೇ ಅಂಗೈಯನ್ನು ಒದ್ದಂತಾದರೆ ರೋಗ ಒಳಗಿದೆ. ಆಯಿಲ್ ಇಳಿಸಿದಾಗ ಬೂದು ಬಣ್ಣದ ನುಣುಪು ಕೆಸರು ಬಂದರೆ ಹೆದರಬೇಕಿಲ್ಲ, ಹೊಳೆಯುವ ಚೂರುಗಳು ಬಂದರೆ ತಡಮಾಡಬೇಡಿ.

ಬಿಚ್ಚಿದ ಕ್ರಾಸನ್ನು ಬೆಳಕಿಗೆ ಹಿಡಿದರೆ ಕಥೆ ಅಲ್ಲೇ ಇರುತ್ತದೆ. ಹೊಸದರ ತೋಳಿನ ಅಂಚು ಉಗುರಿಗೆ ಚೂಪಾಗಿ ಸಿಗುತ್ತದೆ. ಸವೆದದ್ದರ ಮೂಲೆ ದುಂಡಗಾಗಿ, ಕನ್ನಡಿಯಂತೆ ಮಿನುಗುತ್ತದೆ. ಗೇರಿನ ಒಳಗಿನ ಕಚ್ಚುಗಳನ್ನೂ ಹಾಗೆಯೇ ನೋಡಬೇಕು. ಅವು ದುಂಡಗಾಗಿದ್ದರೆ ಹೊಸ ಕ್ರಾಸ್ ಹಾಕಿಯೂ ಪ್ರಯೋಜನವಿಲ್ಲ, ಆ ಗೇರನ್ನೂ ಬದಲಿಸಲೇಬೇಕು. ಕ್ರಾಸ್ ಹಿಡಿದಿರುವ ರಾಡಿನ ಮರೆ (ಥ್ರೆಡ್) ಎಡಮರೆ. ಇದು ತಿಳಿಯದೆ ಬಲ ಹಾಕಿ ಮುರಿಯುವವರುಂಟು. ಸವೆದ ಅಂಚಿಗೆ ವೆಲ್ಡಿಂಗ್ ಮಾಡಿಸಿ ಅರ ಹಾಕುವ ಅಗ್ಗದ ದಾರಿಯಂತೂ ಬೇಡವೇ ಬೇಡ. ಹದ ಮಾಡಿದ ಉಕ್ಕು ಆ ಶಾಖಕ್ಕೆ ತನ್ನ ಗಡಸುತನ ಕಳೆದುಕೊಳ್ಳುತ್ತದೆ.

ಹೆಚ್ಚಿನ ಕಡೆ ಬಿಟ್ಟುಹೋಗುವ ಕೆಲಸ ಇನ್ನೊಂದಿದೆ. ಶಾಫ್ಟಿನ ಮೇಲೆ ಗೇರ್‌ಗಳನ್ನು ಜೋಡಿಸಿದ ಮೇಲೆ ವಾಷರ್ ಮತ್ತು ಗೇರಿನ ನಡುವೆ ಫೀಲರ್ ಗೇಜ್ ತೂರಿಸಿ ಅಂತರ ಅಳೆಯಬೇಕು. 0.15ರಿಂದ 0.40 ಮಿ.ಮೀ. ಒಳಗಿದ್ದರೆ ಸರಿ. ಹೆಚ್ಚಿದ್ದರೆ ದಪ್ಪ ವಾಷರ್ ಹಾಕಬೇಕು. ಗೇರ್‌ಗಳೇ ಅತ್ತಿತ್ತ ಅಲುಗಾಡಿದರೆ ಹೊಸ ಕ್ರಾಸ್ ಕೂಡ ಪೂರ್ತಿ ಕಚ್ಚುವುದಿಲ್ಲ. ‘ಹೊಸ ಸಾಮಾನು ಹಾಕಿಸಿದ್ದೆ, ಆರು ತಿಂಗಳಿಗೆ ಮತ್ತೆ ಅದೇ’ ಎಂದು ಗೊಣಗುವವರ ಗಾಡಿಯಲ್ಲಿ ಬಹುಪಾಲು ಈ ಅಳತೆಯೇ ಆಗಿರುವುದಿಲ್ಲ.

ಎಂಜಿನ್ ಎರಡು ಹೋಳು ಮಾಡಿದ ಮೇಲೆ ಆಯಿಲ್ ಸೀಲ್, ಗ್ಯಾಸ್ಕೆಟ್, ಬೇರಿಂಗ್‌ಗಳಲ್ಲಿ ಜಿಪುಣತನ ತೋರಬಾರದು. ಕ್ರ್ಯಾಂಕಿನ ಸೀಲ್ ಸೋತರೆ ಎಂಜಿನ್ ಗೇರ್ ಆಯಿಲನ್ನೇ ಹೀರಿ ದಟ್ಟ ಹೊಗೆ ಬಿಡುತ್ತದೆ, ಗೇರ್‌ಬಾಕ್ಸ್ ಒಣಗುತ್ತದೆ. ಎಸ್‌ಎಇ 30 ಆಯಿಲ್ ಸುಮಾರು 250 ಮಿ.ಲೀ. ಸಾಕು. ಕ್ಲಚ್ ಕೂಡ ಅದೇ ಆಯಿಲಿನಲ್ಲಿ ಮುಳುಗಿರುವುದರಿಂದ ಕಾರಿನ ಆಯಿಲ್ ಸುರಿಯಬೇಡಿ, ಕ್ಲಚ್ ಜಾರಬಹುದು.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹುಡುಕಿದರೆ ಕ್ರಾಸ್, ವಾಷರ್ ಈಗಲೂ ಸಿಗುತ್ತವೆ. ಗುಣಮಟ್ಟ ಮಾತ್ರ ಒಂದೇ ಸಮ ಇರುವುದಿಲ್ಲ. ಕೊಳ್ಳುವ ಮುಂಚೆ ಹಳೆಯದರ ಪಕ್ಕದಲ್ಲಿಟ್ಟು ಅಳತೆ ನೋಡಿ. ‘ಗೇರ್ ಸೆಟ್ ಪೂರ್ತಿ ಹೋಗಿದೆ’ ಎಂದು ಯಾರಾದರೂ ಹೇಳಿದರೆ ಬಿಚ್ಚಿದ ಗೇರ್‌ಗಳನ್ನು ಕೈಗೆ ತೆಗೆದುಕೊಂಡು ಒಳಗಿನ ಕಚ್ಚುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ಅಂಚು ಚೂಪಾಗಿರುವ ಹಳೆಯ ಗೇರನ್ನು ಗುಜರಿಗೆ ಹಾಕಲು ಬಿಡಬೇಡಿ.