ಕೆರೆಯ ಏರಿಯನ್ನು ಅಲೆಯ ಹೊಡೆತದಿಂದ ಕಾಪಾಡುವ ಕ್ರಮ

ಅಲೆಯು ದಡವನ್ನು ಕೊರೆಯುವುದೆಂದರೆ ಅದು ಕಡಲತೀರದವರ ಕಷ್ಟವೆಂದೂ, ಘಟ್ಟದ ಮೇಲಿನ ನಮಗೆ ಅದರ ಗೊಡವೆಯಿಲ್ಲವೆಂದೂ ಬೆಂಗಳೂರಿನ ಉತ್ತರ ಭಾಗದ ಜಮೀನುದಾರರು ಭಾವಿಸುವುದು ಸಹಜವೇ ಸರಿ. ಆದರೆ ಯಲಹಂಕ, ಜಕ್ಕೂರು, ಹೆಬ್ಬಾಳ ಮೊದಲಾದ ಕಡೆಗಳಲ್ಲಿ ಆಷಾಢಮಾಸದ ಒಂದು ಸಾಯಂಕಾಲ ಕೆರೆಯ ಏರಿಯ ಮೇಲೆ ನಿಂತು ನೋಡಿದವರಿಗೆ ಈ ಅಭಿಪ್ರಾಯವು ಸರಿಯಲ್ಲವೆಂಬುದು ತಾನೇ ಗೋಚರವಾಗುವುದು. ಗಂಟೆಗೆ ಇಪ್ಪತ್ತು ಮೈಲಿಗೆ ಮೀರಿ ಬೀಸುವ ಗಾಳಿಯು ಒಂದು ಮೈಲಿ ಉದ್ದದ ನೀರಿನ ಮೇಲೆ ಸುಮಾರು ಒಂದು ಅಡಿ ಎತ್ತರದ ಅಲೆಯನ್ನು ಎಬ್ಬಿಸಬಲ್ಲದು. ಸಮುದ್ರದ ಅಲೆಯ ಮುಂದೆ ಇದು ಅಲ್ಪವೇ. ಆದರೆ ನಮ್ಮ ಏರಿಯು ಬಂಡೆಯಲ್ಲ, ಕೆಂಪುಮಣ್ಣಿನ ದಿಬ್ಬ. ಅಲ್ಪವಾದ ಪೆಟ್ಟೂ ಹಗಲಿರುಳು ಬೀಳುತ್ತಿದ್ದರೆ ಮಣ್ಣು ಎಷ್ಟು ದಿನ ತಾಳೀತು?

ಈ ಅಪಾಯವು ಹಿಂದಿಗಿಂತ ಈಗ ಹೆಚ್ಚಾಗಿರುವುದಕ್ಕೆ ಒಂದು ಕಾರಣವುಂಟು. ಈ ಪ್ರಾಂತದ ಮಳೆಯು ಇತರ ತಿಂಗಳುಗಳಿಗಿಂತ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಹೆಚ್ಚಾಗಿ ಬೀಳತಕ್ಕದ್ದು. ಪಡುವಣ ಗಾಳಿಯಾದರೋ ಜೂನ್‌ನಿಂದ ಆಗಸ್ಟ್‌ವರೆಗೆ ಬಲವಾಗಿ ಬೀಸತಕ್ಕದ್ದು. ಹಿಂದಿನ ಕಾಲದಲ್ಲಿ ಗಾಳಿಯ ತಿಂಗಳುಗಳಲ್ಲಿ ಕೆರೆಯು ತಳ ಹಿಡಿದಿರುತ್ತಿತ್ತು. ಕೆರೆ ತುಂಬುವ ವೇಳೆಗೆ ಗಾಳಿಯ ಬಿರುಸು ಇಳಿದಿರುತ್ತಿತ್ತು. ಈಗ ಜಕ್ಕೂರಿನ ಕೆರೆಗೆ ಶುದ್ಧೀಕರಣ ಘಟಕದ ನೀರು ವರ್ಷವೆಲ್ಲ ಬಂದು ಸೇರುತ್ತಿದೆ. ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯಿಂದ ನಗರದ ಶುದ್ಧೀಕರಿಸಿದ ನೀರು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳನ್ನೂ ತುಂಬುತ್ತಿದೆ. ಅಂತರ್ಜಲಕ್ಕೆ ಇದರಿಂದಾಗುವ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ತುಂಬಿದ ಕೆರೆಯೂ ಆಷಾಢದ ಗಾಳಿಯೂ ಈಗ ಒಂದೇ ಕಾಲದಲ್ಲಿ ಕೂಡಿ ಬರುತ್ತಿವೆ. ಪಶ್ಚಿಮದಿಂದ ಪೂರ್ವಕ್ಕೆ ಇಳಿಯುವ ಕಣಿವೆಗಳಲ್ಲಿ ಏರಿಯು ಕೆರೆಯ ಮೂಡಣ ತುದಿಯಲ್ಲಿರುವುದರಿಂದ ಅಲೆಗಳು ನೇರವಾಗಿ ಏರಿಗೇ ಬಂದು ಬಡಿಯುವುವು.

ಅಲೆಯು ಮಾಡುವ ಕೇಡು ಮೊದಲು ಕಣ್ಣಿಗೆ ಬೀಳುವುದಿಲ್ಲ. ನೀರಿನ ಮಟ್ಟದಲ್ಲಿ ಮಣ್ಣು ಕರಗಿ ಗೂಡಿನಂತಾಗುವುದು; ಮೇಲಿನ ಮಣ್ಣು ಆಧಾರವಿಲ್ಲದೆ ಕುಸಿಯುವುದು; ಕುಸಿದುದನ್ನು ಮುಂದಿನ ಅಲೆಯು ಕೊಚ್ಚಿಕೊಂಡು ಹೋಗುವುದು. ಹೀಗೆ ಏರಿಯ ನೆತ್ತಿಯು ವರ್ಷೇ ವರ್ಷೇ ಕಿರಿದಾಗುತ್ತ ಬರುವುದು. ಇದರೊಡನೆ ಹೆಗ್ಗಣ ಮತ್ತು ಏಡಿಗಳ ಬಿಲಗಳು ಸೇರಿದರೆ, ನವೆಂಬರ್‌ನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಬರುವ ಒಂದು ದೊಡ್ಡ ಮಳೆಗೆ ಏರಿಯು ಒಡೆಯಲೂಬಹುದು. 2021ನೆಯ ನವೆಂಬರ್‌ನಲ್ಲಿ ಯಲಹಂಕದ ಕೆರೆಯು ಉಕ್ಕಿ ಹರಿದಾಗ, ಕೇಂದ್ರೀಯ ವಿಹಾರದ ನಿವಾಸಿಗಳನ್ನು ದೋಣಿಗಳಲ್ಲಿ ಹೊರಕ್ಕೆ ತರಬೇಕಾಯಿತು. 2024ನೆಯ ಅಕ್ಟೋಬರ್‌ನಲ್ಲಿಯೂ ಅದೇ ಸ್ಥಳವು ಮತ್ತೆ ಜಲಾವೃತವಾಯಿತು. ಉಕ್ಕಿದ ನೀರೇ ಇಷ್ಟು ಮಾಡುವುದಾದರೆ ಏರಿ ಒಡೆದ ನೀರು ಏನು ಮಾಡೀತೆಂಬುದನ್ನು ಓದುಗರೇ ಊಹಿಸಬಹುದು. ಯಲಹಂಕದ ಕೆರೆಯ ನೀರು ಜಕ್ಕೂರಿಗೂ, ಜಕ್ಕೂರಿನದು ರಾಚೇನಹಳ್ಳಿಗೂ ಇಳಿಯತಕ್ಕದ್ದು. ಮೇಲಿನ ಕೆರೆಯ ಹಾನಿಯು ಒಂದು ಊರಿನ ಹಾನಿಯಾಗಿ ನಿಲ್ಲುವುದಿಲ್ಲ.

ಕರಾವಳಿಯವರ ಅನುಭವದಿಂದ ನಾವು ಕಲಿಯತಕ್ಕ ಪಾಠವೊಂದಿದೆ. ನೇತ್ರಾವತಿ ಮತ್ತು ಗುರುಪುರ ನದಿಗಳ ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲದಲ್ಲಿ ಕಡಲು ಅನೇಕ ವರ್ಷಗಳಿಂದ ದಡವನ್ನು ನುಂಗುತ್ತ ಬಂದಿತು. ದಡದ ಮೇಲೆ ಕಲ್ಲು ಸುರಿದಲ್ಲಿ ಅಲೆಯ ಬಲವು ಅಡಗುವುದಿಲ್ಲ. ಕಲ್ಲಿನ ಮುಂದಿನ ಮರಳು ಜಾರುವುದು, ಕಲ್ಲು ಮುಗಿದ ಕಡೆಯಲ್ಲಿ ನೆರೆಯವನ ದಡವು ಇನ್ನೂ ಬೇಗನೆ ಕೊರೆಯುವುದು. ಆದುದರಿಂದ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಅಲ್ಲಿ ದಡಕ್ಕೆ ದೂರವಾಗಿ ನೀರಿನೊಳಗೆ ದಿಬ್ಬಗಳನ್ನು ಕಟ್ಟಿ, ಅಲೆಯ ಶಕ್ತಿಯನ್ನು ಮೊದಲೇ ಕುಗ್ಗಿಸುವ ಕಾಮಗಾರಿಯನ್ನು ಕೈಕೊಳ್ಳಲಾಯಿತು. ಅಲೆಯನ್ನು ದಡಕ್ಕೆ ಬರುವ ಮುಂಚೆಯೇ ದಣಿಸಬೇಕು, ತೀರವನ್ನೆಲ್ಲ ಒಂದೇ ಆಸ್ತಿಯೆಂದೆಣಿಸಿ ಕಾಪಾಡಬೇಕು ಎಂಬ ಈ ಎರಡು ತತ್ತ್ವಗಳು ನಮ್ಮ ಕೆರೆಗಳಿಗೂ ಸಲ್ಲುವುವು.

ಗ್ರಾಮದ ಮುಖಂಡರೂ ಜಮೀನುದಾರರೂ ಕೆಳಗಿನ ವಿಷಯಗಳನ್ನು ಗಮನಿಸಬೇಕಾಗಿ ಕೋರಿದೆ.

1. ಏರಿಯ ಒಳಮೈಗೆ ಕಲ್ಲುಹಾಸು ಇರಬೇಕು. ಮಣ್ಣಿನ ಮೇಲೆ ನೇರವಾಗಿ ಕಲ್ಲನ್ನು ಹಾಸಿದರೆ ಸಂದುಗಳಿಂದ ಮಣ್ಣು ಸೋರಿಹೋಗುವುದು. ಮೊದಲು ಮರಳು, ಅದರ ಮೇಲೆ ಗರಸು, ಆ ಮೇಲೆ ಕಲ್ಲು, ಇದೇ ಕ್ರಮ. ಬುಡದಲ್ಲಿ ದೊಡ್ಡ ಕಲ್ಲುಗಳನ್ನು ಹೂಳಬೇಕು. ಕಲ್ಲುಹಾಸು ಕೋಡಿಯ ಮಟ್ಟಕ್ಕೆ ನಿಲ್ಲದೆ, ಅಲೆಯು ಏರಿ ಬರುವ ಎತ್ತರದವರೆಗೂ ಹೋಗಬೇಕು.

2. ಒಂದು ಕಲ್ಲು ಕಳಚಿದರೂ ಆ ವರ್ಷವೇ ಕೂರಿಸತಕ್ಕದ್ದು. ಒಂದು ಕಲ್ಲು ಹೋದೆಡೆ ಮರುವರ್ಷ ಹತ್ತು ಕಲ್ಲು ಹೋಗುವುವು. ಏರಿಯ ಕಲ್ಲನ್ನು ಮನೆಯ ಕೆಲಸಕ್ಕೆ ಒಯ್ಯುವವರನ್ನು ತಡೆಯಬೇಕು.

3. ಕೆರೆಯಂಚಿನ ಜೊಂಡು ಅಲೆಯನ್ನು ದಣಿಸುವ ಸಹಜವಾದ ಸಾಧನ. ಅದನ್ನು ಪೂರ್ತಿಯಾಗಿ ಕೀಳಿಸದೆ, ತೂಬು ಮತ್ತು ಕೋಡಿಗಳ ಬಳಿ ಮಾತ್ರ ತೆಗೆದು, ಉಳಿದೆಡೆ ಮಿತವಾಗಿ ಬಿಡುವುದು ಲೇಸು.

4. ಏರಿಯ ಹೊರಮೈಯಲ್ಲಿ ಗರಿಕೆ, ಲಾವಂಚಗಳನ್ನು ಬೆಳೆಸಬೇಕು. ದೊಡ್ಡ ಮರಗಳನ್ನು ಏರಿಯ ಮೇಲೆ ನೆಡಬಾರದು. ಮರ ಸತ್ತ ಮೇಲೆ ಬೇರು ಕೊಳೆತು ನೀರಿಗೆ ದಾರಿಯಾಗುವುದು.

5. ಹೂಳೆತ್ತುವಾಗ ಏರಿಯ ಬುಡವನ್ನು ಅಗೆಯಬಾರದು. ಬಿಲಗಳನ್ನು ಮಳೆಗಾಲಕ್ಕೆ ಮುಂಚೆಯೇ ಅಗೆದು, ಮಣ್ಣು ತುಂಬಿ, ಗುದ್ದಿ ಗಟ್ಟಿಮಾಡಬೇಕು.

6. ಕೋಡಿಯ ನೀರು ಸರಾಗವಾಗಿ ಹೋಗುವಂತೆ ರಾಜಕಾಲುವೆಯನ್ನು ತೆರವಾಗಿಡಬೇಕು. ಹೆಚ್ಚು ನೀರು ನಿಲ್ಲಲೆಂದು ಕೋಡಿಯ ಮೇಲೆ ಮರಳಿನ ಚೀಲ ಒಟ್ಟುವುದು ತಮ್ಮ ಗದ್ದೆಗೆ ತಾವೇ ಕೇಡು ತಂದುಕೊಂಡಂತೆ.

ಕೆರೆಯಂಚಿನ ಜಮೀನಿಗೆ ಈಗ ಬಂದಿರುವ ಬೆಲೆಯನ್ನು ಬಲ್ಲವರಿಗೆ ನೀರಿನ ಬದಿಯಲ್ಲಿ ನೆಲವನ್ನು ತೆರವು ಬಿಡುವುದು ಕಷ್ಟವೆನಿಸಬಹುದು. ಒಬ್ಬರು ತಮ್ಮ ಅಂಚಿಗೆ ಗೋಡೆ ಕಟ್ಟಿಸಿದರೆ, ಆ ಗೋಡೆಗೆ ಬಡಿದ ನೀರು ಪಕ್ಕದವರ ಹೊಲಕ್ಕೆ ತಿರುಗುವುದು. ಅವರೂ ಗೋಡೆ ಕಟ್ಟಿಸುವರು. ಕಡೆಗೆ ಕೆರೆಯು ಕಿರಿದಾಗಿ, ಅದೇ ಮಳೆಗೆ ನೀರು ಇನ್ನೂ ಎತ್ತರಕ್ಕೆ ಏರುವುದು. ಬಿಟ್ಟ ಅಂಚು ಕಳೆದುಕೊಂಡ ಆಸ್ತಿಯಲ್ಲ. ಉಳಿದ ಆಸ್ತಿಯ ಕಾವಲು. ಕೆರೆಯ ಎಲ್ಲೆಯನ್ನೂ, ಕಾನೂನಿನಂತೆ ಬಿಡಬೇಕಾದ ಅಂತರವನ್ನೂ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ತಿಳಿದ ಮೇಲೆಯೇ ಕಟ್ಟಡಕ್ಕೆ ಕೈಹಾಕತಕ್ಕದ್ದು.

ನಮ್ಮ ಪೂರ್ವಿಕರು ಕೆರೆ ಕಟ್ಟಿದವನಿಗೆ ಕಟ್ಟುಕೊಡಗೆಯಾಗಿ ಭೂಮಿ ಬಿಟ್ಟರು. ಹೂಳು ಮತ್ತು ಮಣ್ಣು ಸಾಗಿಸುವ ಬಂಡಿಗಳಿಗೆಂದು ದತ್ತಿ ಕೊಟ್ಟುದನ್ನು ಶಾಸನಗಳಲ್ಲಿ ಕೆತ್ತಿಸಿದರು. ತೂಬು ಕಾಯಲು ನೀರಗಂಟಿಯನ್ನು ನೇಮಿಸಿದರು. ಕೆರೆ ಕಟ್ಟುವುದೊಂದು ದಿನದ ಪುಣ್ಯ, ಕಾಪಾಡುವುದು ಪ್ರತಿವರ್ಷದ ಕರ್ತವ್ಯವೆಂಬುದನ್ನು ಅವರು ಅರಿತಿದ್ದರು. ಇಂದು ಕೆರೆಯ ಮೇಲ್ವಿಚಾರಣೆ ಸರ್ಕಾರದ ಸಂಸ್ಥೆಗಳಿಗೆ ಸೇರಿದ್ದರೂ, ಕಳಚಿದ ಕಲ್ಲನ್ನು ಮೊದಲು ಕಾಣುವವರು ಊರಿನವರೇ. ಪ್ರತಿ ಊರಿನ ಹಿರಿಯರು ಮೇ ತಿಂಗಳಲ್ಲೊಮ್ಮೆ, ಅಕ್ಟೋಬರ್ ತಿಂಗಳಲ್ಲೊಮ್ಮೆ ಏರಿಯ ಉದ್ದಕ್ಕೂ ನಡೆದು, ಕಂಡ ದೋಷಗಳನ್ನು ಬರೆದಿಟ್ಟು ಸಂಬಂಧಪಟ್ಟ ಕಚೇರಿಗೆ ತಿಳಿಸುವ ಪದ್ಧತಿಯನ್ನಿಟ್ಟುಕೊಂಡರೆ, ಅರ್ಧ ದಿನದ ಆ ನಡಿಗೆಯಿಂದ ಅನೇಕರ ಮನೆಮಾರುಗಳೂ ಫಸಲೂ ಉಳಿಯುವುವು.