ಕಾರಿನಡಿ ಚಿರೆಕಲ್ಲು ಬೇಡ

ಪ್ರಶ್ನೆ: ಸಿದ್ದಾಪುರದ ಹಳ್ಳಿಮನೆ ನಮ್ಮದು. ತಗ್ಗಿನ ಸ್ಪೋರ್ಟ್ಸ್ ಕಾರನ್ನು ಅಂಗಳದಲ್ಲೇ ಜಾಕ್‌ನಿಂದ ಎತ್ತಿ, ಚಿರೆಕಲ್ಲು ಕೊಟ್ಟು ಅಡಿಗೆ ಇಳಿಯಬಹುದೇ?

ಉತ್ತರ: ಖಂಡಿತ ಬೇಡ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆ ಹೊರುವುದೇ ಚಿರೆಕಲ್ಲು, ನಂಬಿಕೆ ಸಹಜ. ಆದರೆ ಗೋಡೆಯಲ್ಲಿ ಭಾರ ಇಡೀ ಕಲ್ಲಿಗೆ ಹರಡುತ್ತದೆ. ಕಾರಿನ ಕಬ್ಬಿಣದ ಅಂಚು ಒಂದೇ ಕಡೆ ಒತ್ತುತ್ತದೆ. ತೂತು ತೂತಾದ ಆ ಕಲ್ಲು ಮುನ್ಸೂಚನೆಯಿಲ್ಲದೆ ಸೀಳಬಹುದು. ಸಿಮೆಂಟ್ ಬ್ಲಾಕೂ ಅಷ್ಟೇ.

ಜಾಕ್ ಇರುವುದು ಎತ್ತಲಿಕ್ಕೆ, ಹೊರಲಿಕ್ಕೆ ಜಾಕ್ ಸ್ಟ್ಯಾಂಡ್ ಬೇಕು. ಅವು ಸಿಗುವವರೆಗೆ ಕಾರಿನಡಿ ಕೈಯನ್ನೂ ಹಾಕಬೇಡಿ.

ನಮ್ಮಲ್ಲಿ ಇನ್ನೊಂದು ತೊಡಕು ನೆಲದ್ದು. ಮಳೆಗಾಲದ ಮಣ್ಣಂಗಳದಲ್ಲಿ ಜಾಕ್ ಒಂದು ಬದಿಗೆ ಹೂತು ವಾಲುತ್ತದೆ. ಅಡಿಕೆ ಒಣಗಿಸುವ ಸಿಮೆಂಟ್ ಕಣ ಸಮತಟ್ಟಾಗಿದ್ದರೆ ಅದೇ ವಾಸಿ. ಕಾರು ಗೇರಿನಲ್ಲಿರಲಿ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಹಿಂಭಾಗ ಎತ್ತಿದರೆ ಅದು ಕೆಲಸಕ್ಕೆ ಬಾರದು. ಆದ್ದರಿಂದ ನೆಲದಲ್ಲೇ ಉಳಿಯುವ ಚಕ್ರಗಳಿಗೆ ಎರಡೂ ಕಡೆ ಗಟ್ಟಿ ಅಡೆ ಕೊಡಿ. ಚಕ್ರ ಬಿಚ್ಚುವುದಿದ್ದರೆ ನಟ್‌ಗಳನ್ನು ಎತ್ತುವ ಮೊದಲೇ ಸ್ವಲ್ಪ ಸಡಿಲಿಸಿ.

ಜಾಕ್ ಒಳಗೆ ಹೋಗದಷ್ಟು ಕಾರು ತಗ್ಗಿದ್ದರೆ, ಅಗಲವಾದ ದಪ್ಪ ಹಲಗೆಗಳ ಮೇಲೆ ಚಕ್ರ ಹತ್ತಿಸಿ ಜಾಗ ಮಾಡಿಕೊಳ್ಳಬಹುದು. ಜಾಕ್ ಕೂರಿಸುವ ಜಾಗ ಕಾರಿನ ಕೈಪಿಡಿಯಲ್ಲಿರುತ್ತದೆ. ಸ್ಟ್ಯಾಂಡ್ ಮೇಲೆ ಇಳಿಸಿದ ಮೇಲೆ ಪಕ್ಕದಿಂದ ತಳ್ಳಿ ನೋಡಿ. ಅಲ್ಲಾಡಿದರೆ ಇಳಿಸಿ ಮತ್ತೆ ಕೂರಿಸಿ.