ತುಕ್ಕನ್ನು ಓದಿದ ಫೈಜಾ ಮೇಡಂ

ಕರಾವಳಿಯಲ್ಲಿ ಬೆಳೆದವರಿಗೆ ತುಕ್ಕಿನ ಪರಿಚಯ ಬೇಕಿಲ್ಲ. ಉಪ್ಪುಗಾಳಿಗೆ ಕಿಟಕಿ ಸರಳು ಹಪ್ಪಳದಂತೆ ಏಳುತ್ತದೆ, ಸೈಕಲ್ ಚೈನು ಒಂದೇ ಮಳೆಗಾಲಕ್ಕೆ ಕೆಂಪಾಗುತ್ತದೆ. ಮಂಗಳೂರು, ಉಡುಪಿಯಿಂದ ಕುವೈತ್‌ಗೆ ಹೋದವರಿಗೆ ಅಲ್ಲೂ ಇದೇ ಕಾಟ. ನದಿಯೇ ಇಲ್ಲದ ಆ ದೇಶ ಸಮುದ್ರದ ನೀರಿನ ಉಪ್ಪು ತೆಗೆದು ಕುಡಿಯುತ್ತದೆ, ಕಚ್ಚಾ ತೈಲ ಮಾರಿ ಬದುಕುತ್ತದೆ. ಎರಡಕ್ಕೂ ಕೊಳವೆ ಬೇಕು, ಕೊಳವೆಗೆ ತುಕ್ಕು ತಪ್ಪಿದ್ದಲ್ಲ.

ಈ ತುಕ್ಕಿನ ಬೆನ್ನು ಹತ್ತಿದವರು ರಸಾಯನ ವಿಜ್ಞಾನಿ ಫೈಜಾ ಅಲ್-ಖರಾಫಿ. ಕುವೈತ್‌ನಲ್ಲಿ ಹೆಣ್ಣುಮಕ್ಕಳ ಮೊದಲ ಸರ್ಕಾರಿ ಶಾಲೆ ತೆರೆದದ್ದು 1937ರಲ್ಲಿ. ಇವರು ಹುಟ್ಟಿದ್ದು 1946ರಲ್ಲಿ. ಕೈರೋದ ಐನ್ ಶಮ್ಸ್ ವಿಶ್ವವಿದ್ಯಾಲಯದಲ್ಲಿ 1967ರಲ್ಲಿ ಪದವಿ ಪಡೆದು ಊರಿಗೆ ಮರಳಿದಾಗ ಕುವೈತ್ ವಿಶ್ವವಿದ್ಯಾಲಯಕ್ಕೆ ಒಂದೇ ವರ್ಷ ವಯಸ್ಸು. ಅಲ್ಲಿಯೇ ಎಂ.ಎಸ್ಸಿ., 1975ರಲ್ಲಿ ಪಿಎಚ್.ಡಿ. ತುಕ್ಕು ಮತ್ತು ವಿದ್ಯುತ್ ರಸಾಯನ ವಿಜ್ಞಾನದ ಪ್ರಯೋಗಾಲಯವನ್ನು ಕಟ್ಟಿದ್ದೂ ಅವರೇ.

ತುಕ್ಕು ಎಂದರೆ ಲೋಹದ ಮೈಮೇಲೆ ನಡೆಯುವ ಸಣ್ಣ ವಿದ್ಯುತ್ ವ್ಯವಹಾರ. ಕಬ್ಬಿಣದ ಒಂದು ಚುಕ್ಕೆ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಪಕ್ಕದ ಚುಕ್ಕೆಯಲ್ಲಿ ಆಮ್ಲಜನಕ ಅವನ್ನು ಪಡೆದುಕೊಳ್ಳುತ್ತದೆ. ನಡುವಿನ ನೀರಿನಲ್ಲಿ ಉಪ್ಪಿದ್ದರೆ ವ್ಯವಹಾರ ಇನ್ನೂ ಚುರುಕು. ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆಯ ದ್ರಾವಣಕ್ಕೆ ಲೋಹದ ತುಂಡನ್ನೇ ಎಲೆಕ್ಟ್ರೋಡ್ ಮಾಡಿ ಇಳಿಸುತ್ತಾರೆ. ಹರಿಯುವ ವಿದ್ಯುತ್ತನ್ನು ಅಳೆದರೆ ಲೋಹ ಎಷ್ಟು ವೇಗವಾಗಿ ಸವೆಯುತ್ತಿದೆ ಎಂಬುದು ಗೊತ್ತಾಗುತ್ತದೆ; ವರ್ಷಗಟ್ಟಲೆ ಕಾಯಬೇಕಿಲ್ಲ. ಎಂಜಿನ್ ತಂಪುಗೊಳಿಸುವ ವ್ಯವಸ್ಥೆ, ಕಚ್ಚಾ ತೈಲದ ಬಟ್ಟಿ ಘಟಕ, ಬಿಸಿ ಉಪ್ಪುನೀರು, ಹೀಗೆ ಲೋಹ ಸೋಲುವ ಕಡೆಯೆಲ್ಲ ಅಲ್-ಖರಾಫಿ ಕೆಲಸ ಮಾಡಿದರು. ಬೆಂಜೀನ್ ಉಂಟಾಗದಂತೆ ಪೆಟ್ರೋಲಿನ ಆಕ್ಟೇನ್ ಏರಿಸುವ ಮಾಲಿಬ್ಡಿನಂ ವೇಗವರ್ಧಕಗಳನ್ನು ಕಂಡುಹಿಡಿದ ತಂಡದಲ್ಲೂ ಅವರಿದ್ದರು. 2011ರ ಲೋರಿಯಲ್-ಯುನೆಸ್ಕೊ ಪ್ರಶಸ್ತಿ ಪಡೆದ ಐವರು ವಿಜ್ಞಾನಿಗಳಲ್ಲಿ ಅವರೂ ಒಬ್ಬರು.

1990ರ ಆಗಸ್ಟ್‌ನಲ್ಲಿ ಇರಾಕ್ ಸೇನೆ ಕುವೈತ್‌ಗೆ ನುಗ್ಗಿತು; ಏಳು ತಿಂಗಳ ಆಕ್ರಮಣದಲ್ಲಿ ಕುವೈತ್ ವಿಶ್ವವಿದ್ಯಾಲಯ ಲೂಟಿಯಾಯಿತು. ಅದನ್ನು ಮತ್ತೆ ಎತ್ತಿ ನಿಲ್ಲಿಸುವ ಹೊಣೆ 1993ರಲ್ಲಿ ಬಂದದ್ದು ಅಲ್-ಖರಾಫಿ ಅವರ ಹೆಗಲಿಗೆ. ಮಧ್ಯಪ್ರಾಚ್ಯದ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಮಹಿಳೆ ಮುಖ್ಯಸ್ಥೆಯಾದದ್ದು ಅದೇ ಮೊದಲು. 2002ರವರೆಗೆ ಅವರು ಆ ಕುರ್ಚಿಯಲ್ಲಿದ್ದರು. ಅಷ್ಟೂ ಕಾಲ ಅವರಿಗೆ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿರಲಿಲ್ಲ! ಕುವೈತ್ ಮಹಿಳೆಯರಿಗೆ ಅದು ಸಿಕ್ಕಿದ್ದು 2005ರಲ್ಲಿ. ಪ್ರಯೋಗಾಲಯದ ಬಾಗಿಲು ಮತಗಟ್ಟೆಗಿಂತ ಮೊದಲೇ ತೆರೆದಿತ್ತು.

ನಮ್ಮಲ್ಲೂ ಇಂಥ ಬಾಗಿಲು ತೆರೆದವರಿದ್ದಾರೆ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೊವೇವ್ ಮತ್ತು ಆಂಟೆನಾ ಪಾಠ ಹೇಳಿದವರು, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಹಳೇ ಮೈಸೂರಿನ ಮೊದಲ ಮಹಿಳಾ ಪದವೀಧರರ ಸಾಲಿನವರು. ಓದಿದ ಹೆಂಗಸು ಹೇಗಿರುತ್ತಾಳೆಂದು ಮೊಮ್ಮಗಳು ಯಾರನ್ನೂ ಕೇಳಬೇಕಾಗಿರಲಿಲ್ಲ, ಮನೆಯಲ್ಲೇ ನೋಡಿದ್ದಳು. ಮಾದರಿ ಎಂಬುದು ಕೆಲಸ ಮಾಡುವುದು ಹೀಗೇ, ಭಾಷಣಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದು.

ಕುವೈತ್‌ನ ಸಾಲ್ಮಿಯಾದ ಫ್ಲಾಟಿನಲ್ಲಾಗಲಿ, ಕುಂದಾಪುರದ ಅಡುಗೆಮನೆಯಲ್ಲಾಗಲಿ, ಮಗಳು ತುಕ್ಕಿನ ಈ ಪುಟ್ಟ ಪ್ರಯೋಗವನ್ನು ಮಾಡಿ ನೋಡಬಹುದು. ಎರಡು ಲೋಟ ನೀರು, ಒಂದಕ್ಕೆ ಎರಡು ಚಮಚ ಉಪ್ಪು, ಉಜ್ಜಿ ತೊಳೆದ ಎರಡು ಕಬ್ಬಿಣದ ಮೊಳೆ. ಮೊಳೆ ಅರ್ಧ ಮುಳುಗಿರಲಿ. ಮೂರು ದಿನ ಕಳೆದು ನೋಡಲಿ. ಯಾವ ಮೊಳೆ ಬೇಗ ಕೆಂಪಾಯಿತು, ಏಕೆ ಎಂದು ಅವಳು ಕೇಳಿದರೆ, ಫೈಜಾ ಮೇಡಂ ಕಥೆ ಹೇಳಲು ಅದೇ ಹೊತ್ತು.